ಕೈ, ಸಂವೇದಕ, ನಾದ: ಗಣಕಸಂಗೀತದ ಸ್ಪರ್ಶವಾದ್ಯಗಳನ್ನು ಕುರಿತು

೧

ದೇಹದ ಚಲನೆಯನ್ನು ನಾದವನ್ನಾಗಿ ಮಾರ್ಪಡಿಸುವ ಸಾಧನವೇ ವಾದ್ಯವೆಂದು ಸ್ಥೂಲವಾಗಿ ಹೇಳಬಹುದು. ವೀಣೆಯಲ್ಲಿ ಮೀಟಿದ ಬೆರಳಿಗೂ ಹೊಮ್ಮಿದ ನಾದಕ್ಕೂ ನಡುವೆ ಇರುವುದು ತಂತಿ, ಕುದುರೆ, ಕೊಡ. ಮೃದಂಗದಲ್ಲಿ ಇರುವುದು ಚರ್ಮ ಮತ್ತು ಕರಣೆ. ಬೆರಳು ಎಷ್ಟು ಬಲವಾಗಿ ಮೀಟಿದರೆ ನಾದ ಎಷ್ಟು ಗಟ್ಟಿಯಾಗಬೇಕು ಎಂಬುದನ್ನು ಯಾರೂ ನಿಯಮ ಬರೆದು ಗೊತ್ತುಮಾಡಿಲ್ಲ. ಮರ ಲೋಹಗಳ ಸ್ವಭಾವವೇ ಅದನ್ನು ಗೊತ್ತುಮಾಡಿದೆ. ಗಣಕಯಂತ್ರದ ಸಂಗೀತದಲ್ಲಿ ಈ ಸಹಜಸಂಬಂಧವು ಕಡಿದುಹೋಗುತ್ತದೆ. ಅಲ್ಲಿ ನಾದವು ಅಂಕಿಗಳಿಂದ ಹುಟ್ಟುತ್ತದೆ. ಕೈಗೂ ಅಂಕಿಗೂ ನೇರವಾದ ನಂಟಿಲ್ಲ. ಆ ನಂಟನ್ನು ಮತ್ತೆ ಕಟ್ಟಲು ನಡೆದಿರುವ ಪ್ರಯತ್ನಗಳೇ ಸಂವೇದಕಗಳನ್ನುಳ್ಳ ಸ್ಪರ್ಶನಿಯಂತ್ರಕಗಳು. ಇವುಗಳ ಬೆಳವಣಿಗೆಯನ್ನೂ ಕಾರ್ಯವಿಧಾನವನ್ನೂ ಅಡಕವಾಗಿ ವಿವರಿಸಿ, ಇತಿಹಾಸದ ಅಭ್ಯಾಸಿಗಳಿಗೆ ಅವು ಒಡ್ಡುವ ಒಂದು ಸಮಸ್ಯೆಯನ್ನು ಮುಂದಿಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಈ ಚರಿತ್ರೆ ಗಣಕಯಂತ್ರಕ್ಕಿಂತ ಹಳೆಯದು. ೧೯೨೦ರಲ್ಲಿ ರಷ್ಯದ ಪೆಟ್ರೊಗ್ರಾಡ್ ನಗರದಲ್ಲಿ ಲೆವ್ ಟೆರ್ಮೆನ್ ಎಂಬ ಭೌತವಿಜ್ಞಾನಿ ಮುಟ್ಟದೆಯೇ ನುಡಿಸಬಹುದಾದ ವಾದ್ಯವೊಂದನ್ನು ನಿರ್ಮಿಸಿದರು. ಅದೇ ಮುಂದೆ ಥೆರೆಮಿನ್ ಎಂದು ಪ್ರಸಿದ್ಧವಾಯಿತು. ಅದರಲ್ಲಿ ನೆಟ್ಟಗೆ ನಿಂತ ಕಂಬಿಯೊಂದು, ಬಳೆಯಾಕಾರದ ಕಂಬಿಯೊಂದು ಇವೆ. ಕೈ ನೆಟ್ಟಗಿನ ಕಂಬಿಗೆ ಸಮೀಪಿಸಿದಷ್ಟೂ ಸ್ವರ ಏರುತ್ತದೆ; ಬಳೆಗೆ ಸಮೀಪಿಸಿದಷ್ಟೂ ನಾದ ಕ್ಷೀಣಿಸುತ್ತದೆ. ಇದರ ಮರ್ಮವೇನೆಂದರೆ, ಮನುಷ್ಯನ ಕೈ ವಿದ್ಯುತ್ತನ್ನು ಧರಿಸಬಲ್ಲ ವಸ್ತುವಾಗಿರುವುದು. ಪೆಟ್ಟಿಗೆಯೊಳಗೆ ಕಿವಿಗೆ ಕೇಳಿಸಲಾರದಷ್ಟು ವೇಗದ ಎರಡು ವಿದ್ಯುತ್ ಆಂದೋಲನಗಳು ನಡೆಯುತ್ತಿರುತ್ತವೆ. ಕೈಯ ಸಾಮೀಪ್ಯದಿಂದ ಅವುಗಳಲ್ಲೊಂದರ ವೇಗ ತುಸು ಬದಲಾಗುತ್ತದೆ. ಎರಡರ ಅಂತರವೇ ನಮಗೆ ಸ್ವರವಾಗಿ ಕೇಳಿಬರುತ್ತದೆ. ಟೆರ್ಮೆನ್ ೧೯೨೨ರಲ್ಲಿ ಇದನ್ನು ಲೆನಿನ್ನರ ಮುಂದೆ ನುಡಿಸಿ ತೋರಿಸಿದರು. ೧೯೨೮ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಅದೇ ೧೯೨೮ರಲ್ಲಿ ಪ್ಯಾರಿಸ್ಸಿನಲ್ಲಿ ಮೋರಿಸ್ ಮಾರ್ತೆನೊ ತಮ್ಮ ಹೆಸರಿನ ವಾದ್ಯವನ್ನು ಜನರ ಮುಂದಿಟ್ಟರು. ಅದರಲ್ಲಿ ಬಲಗೈ ಬೆರಳಿಗೆ ತೊಟ್ಟ ಉಂಗುರವು ದಾರವೊಂದನ್ನೆಳೆಯುತ್ತ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಎಡಗೈ ಒಂದು ಗುಂಡಿಯನ್ನು ಒತ್ತಿ ನಾದದ ಬಲವನ್ನು ಆಳುತ್ತದೆ. ಕೆನಡದ ಭೌತವಿಜ್ಞಾನಿ ಹ್ಯೂ ಲೆ ಕೇನ್ ೧೯೪೫ರಿಂದ ೧೯೪೮ರವರೆಗೆ ಕಟ್ಟಿದ ವಾದ್ಯದಲ್ಲಿ ಕೀಲಿಮಣೆಯ ಪ್ರತಿಯೊಂದು ಕೀಲಿಯೂ ಕೆಳಕ್ಕೆ ಒತ್ತಿದರೆ ಬಲವನ್ನೂ, ಅಡ್ಡಕ್ಕೆ ತಳ್ಳಿದರೆ ಸ್ವರದ ಬಾಗನ್ನೂ ಕೊಡುತ್ತಿತ್ತು. ಈ ಮೂವರ ಪ್ರಯತ್ನದಲ್ಲೂ ಒಂದು ಸಮಾನಾಂಶವುಂಟು. ವಿದ್ಯುತ್ತಿನಿಂದ ಹುಟ್ಟಿದ ನಾದ ನಿರ್ಜೀವವಾಗಬಾರದೆಂದೂ ಅದರ ಮೇಲೆ ಕೈಯ ಸೂಕ್ಷ್ಮ ಚಲನೆಯ ಮುದ್ರೆ ಬೀಳಬೇಕೆಂದೂ ಅವರು ಬಯಸಿದರು.

೩

ಗಣಕಯಂತ್ರದ ಆಗಮನವಾದಾಗ ಈ ಮುದ್ರೆ ಸ್ವಲ್ಪಕಾಲ ಅಳಿಸಿಹೋಯಿತು. ೧೯೫೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರು ಗಣಕದಿಂದ ನಾದವನ್ನು ಹೊರಡಿಸುವ ತಂತ್ರಾಂಶವನ್ನು ರಚಿಸಿದರು. ಅದರಿಂದ ಹೊರಟ ಮೊದಲ ಕೃತಿ ೧೭ ಸೆಕೆಂಡುಗಳಷ್ಟು ಚಿಕ್ಕದು. ಆ ಕಾಲದ ಯಂತ್ರಗಳು ಲೆಕ್ಕವನ್ನು ಮುಗಿಸಲು ನಾದದ ಅವಧಿಗಿಂತ ಬಹಳ ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತಿದ್ದುದರಿಂದ, ಸಂಗೀತಗಾರನು ಸೂಚನೆಗಳನ್ನು ಬರೆದುಕೊಟ್ಟು ಫಲಕ್ಕಾಗಿ ಕಾಯಬೇಕಾಗಿತ್ತು. ನುಡಿಸುವಿಕೆ ಎಂಬುದಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ.

ಈ ಕೊರತೆಯನ್ನು ನೀಗಲು ಹೊರಟವರೂ ಮ್ಯಾಥ್ಯೂಸ್ ಅವರೇ ಎಂಬುದು ಗಮನಾರ್ಹ. ಎಫ್. ರಿಚರ್ಡ್ ಮೂರ್ ಅವರೊಡನೆ ಅವರು ರೂಪಿಸಿ ೧೯೭೦ರ ವೇಳೆಗೆ ಸಿದ್ಧಗೊಳಿಸಿದ ಗ್ರೂವ್ ಎಂಬ ವ್ಯವಸ್ಥೆಯಲ್ಲಿ ಗಣಕವು ನಾದವನ್ನು ತಾನೇ ಲೆಕ್ಕಹಾಕುವ ಬದಲು ವಿದ್ಯುನ್ಮಾನ ಆಂದೋಲಕಗಳನ್ನು ಆಳುತ್ತಿತ್ತು. ವಾದಕನು ತಿರುಪುಗಳನ್ನೂ ಹಿಡಿಗೋಲನ್ನೂ ಚಲಿಸಿದಂತೆ ನಾದ ಒಡನೆಯೇ ಬದಲಾಗುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಗಣಕವು ನೆನಪಿಡುತ್ತಿದ್ದುದು ನಾದವನ್ನಲ್ಲ, ಕೈಯ ಚಲನೆಯನ್ನು. ಆ ಚಲನೆಯನ್ನು ಮತ್ತೆ ತೆಗೆದು ತಿದ್ದಬಹುದಾಗಿತ್ತು. ಚಲನೆ ಬೇರೆ, ನಾದ ಬೇರೆ ಎಂಬ ವಿಭಾಗವು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನಮ್ಮ ಅಭಿಪ್ರಾಯ. ೧೯೮೦ರ ದಶಕದಲ್ಲಿ ಮ್ಯಾಥ್ಯೂಸ್ ಅವರು ರಾಬರ್ಟ್ ಬಾಯ್ ಅವರೊಡನೆ ರೇಡಿಯೊ ಬ್ಯಾಟನ್ ಎಂಬ ಸಾಧನವನ್ನು ತಂದರು. ಎರಡು ಕೋಲುಗಳು ರೇಡಿಯೊ ಸಂಕೇತಗಳನ್ನು ಹೊರಡಿಸುತ್ತವೆ. ಕೆಳಗಿನ ಹಲಗೆ ಅವುಗಳ ಸ್ಥಾನವನ್ನು ಉದ್ದ, ಅಗಲ, ಎತ್ತರ ಎಂಬ ಮೂರು ದಿಕ್ಕುಗಳಲ್ಲೂ ಅಳೆಯುತ್ತದೆ.

೪

೧೯೮೩ರಲ್ಲಿ ವಾದ್ಯತಯಾರಕರು ಒಮ್ಮತದಿಂದ ಮಿಡಿ ಎಂಬ ಸಂಕೇತಪದ್ಧತಿಯನ್ನು ಬಳಕೆಗೆ ತಂದುದು ಈ ವಿಷಯದಲ್ಲಿ ಒಂದು ಮಹತ್ತ್ವದ ಘಟ್ಟ. ಒಬ್ಬ ತಯಾರಕನ ಕೀಲಿಮಣೆಯಿಂದ ಇನ್ನೊಬ್ಬನ ನಾದಯಂತ್ರವನ್ನು ನುಡಿಸುವುದು ಇದರಿಂದ ಸಾಧ್ಯವಾಯಿತು. ಸೆಕೆಂಡಿಗೆ ೩೧,೨೫೦ ಬಿಟ್‌ಗಳ ವೇಗದಲ್ಲಿ ಸಾಗುವ ಈ ಪದ್ಧತಿಯಲ್ಲಿ ಒಂದು ಸ್ವರದ ಸೂಚನೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಕಡಮೆ ಕಾಲದಲ್ಲಿ ತಲುಪುತ್ತದೆ. ಆದರೆ ಇದರ ಮಿತಿಗಳೂ ಕಡಮೆಯಲ್ಲ. ಒತ್ತಡದಂಥ ಸಾಮಾನ್ಯ ಅಳತೆಗಳಿಗೆ ೦ಯಿಂದ ೧೨೭ರವರೆಗೆ ೧೨೮ ಮೆಟ್ಟಿಲುಗಳು ಮಾತ್ರ. ಸ್ವರವೆಂದರೆ ಒತ್ತಿದಾಗ ಆರಂಭವಾಗಿ ಬಿಟ್ಟಾಗ ಮುಗಿಯುವ ಪದಾರ್ಥವೆಂದು ಅದು ಭಾವಿಸುತ್ತದೆ. ಇದು ಪಿಯಾನೊದ ದೃಷ್ಟಿ. ನಮ್ಮ ಸಂಗೀತವನ್ನು ಬಲ್ಲವರಿಗೆ ಇದರ ಕೊರತೆ ಕೂಡಲೆ ಹೊಳೆಯುತ್ತದೆ. ತೋಡಿ ರಾಗದ ಗಾಂಧಾರವು ಒಂದೆಡೆ ನಿಲ್ಲದೆ ತೂಗುತ್ತಲೇ ಇರುತ್ತದೆ. ಆ ತೂಗಾಟವೇ ಅದರ ಸ್ವರೂಪ. ಸ್ವರವನ್ನು ಬಾಗಿಸುವ ಸೌಕರ್ಯ ಮಿಡಿಯಲ್ಲಿ ಇದ್ದರೂ, ಒಂದು ವಾಹಿನಿಯಲ್ಲಿ ಸಾಗುವ ಸ್ವರಗಳೆಲ್ಲವೂ ಒಟ್ಟಾಗಿಯೇ ಬಾಗುತ್ತವೆ. ಪ್ರತಿಯೊಂದು ಸ್ವರವನ್ನೂ ಪ್ರತ್ಯೇಕವಾಗಿ ಬಾಗಿಸುವ ವ್ಯವಸ್ಥೆ ಅಧಿಕೃತವಾಗಿ ಅಂಗೀಕೃತವಾದುದು ೨೦೧೮ರಲ್ಲಿ. ಹೆಚ್ಚು ಸೂಕ್ಷ್ಮವಾದ ಅಳತೆಗಳುಳ್ಳ ಮಿಡಿಯ ಎರಡನೆಯ ಆವೃತ್ತಿ ಪ್ರಕಟವಾದುದು ೨೦೨೦ರಲ್ಲಿ.

ಮಿಡಿ ಬಂದ ಮರುವರ್ಷವೇ, ೧೯೮೪ರಲ್ಲಿ, ಆಂಸ್ಟರ್‌ಡಾಮಿನಲ್ಲಿ ಮಿಶೆಲ್ ವೈಸ್‌ವಿಸ್ 'ದಿ ಹ್ಯಾಂಡ್ಸ್', ಎಂದರೆ ಕೈಗಳು, ಎಂಬ ವಾದ್ಯವನ್ನು ಸಭೆಯಲ್ಲಿ ನುಡಿಸಿದರು. ಎರಡು ಕೈಗಳಿಗೂ ಕಟ್ಟಿಕೊಂಡ ಚೌಕಟ್ಟುಗಳಲ್ಲಿ ಬೆರಳಿಗೆ ಸಿಕ್ಕುವ ಗುಂಡಿಗಳಿದ್ದವು. ಕೈ ವಾಲಿದುದನ್ನು ಪಾದರಸದ ಸ್ವಿಚ್ಚುಗಳು ಗುರುತಿಸುತ್ತಿದ್ದವು. ಎರಡು ಕೈಗಳ ನಡುವಣ ದೂರವನ್ನು ಕಿವಿಗೆ ಕೇಳಿಸದ ಶಬ್ದತರಂಗಗಳು ಅಳೆಯುತ್ತಿದ್ದವು. ೧೯೬೯ರಲ್ಲಿ ಆ ನಗರದಲ್ಲಿ ಸ್ಥಾಪಿತವಾಗಿದ್ದ ಸ್ಟೈಮ್ ಎಂಬ ಸಂಸ್ಥೆಯನ್ನು ೧೯೮೧ರಿಂದ ೨೦೦೮ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ ವೈಸ್‌ವಿಸ್, ನಾದದ ಹಿಂದೆ ದೇಹದ ಶ್ರಮ ಕೇಳುಗನಿಗೆ ಕಾಣಬೇಕು ಎಂಬ ತತ್ತ್ವಕ್ಕೆ ನಿಷ್ಠರಾಗಿದ್ದರು. ವಾದ್ಯಕ್ಕೆ ಹೊಸ ಹೊಸ ಸೌಲಭ್ಯಗಳನ್ನು ಸೇರಿಸುತ್ತ ಹೋದರೆ ಅದನ್ನು ಕಲಿಯುವುದೇ ಆಗುವುದಿಲ್ಲವೆಂದು ಕಂಡು, ಅವರು ವಾದ್ಯದ ರೂಪವನ್ನು ಸ್ಥಿರಗೊಳಿಸಿ ಸಾಧನೆಯಲ್ಲಿ ತೊಡಗಿದರು. ಸಾಧಕರಾದ ನಮ್ಮ ವೈಣಿಕರಿಗೆ ಇದು ಹೊಸ ಮಾತೇನೂ ಅಲ್ಲ.

೫

ಇನ್ನು ಈ ಸಾಧನಗಳು ಕೆಲಸಮಾಡುವ ಬಗೆಯನ್ನು ನೋಡೋಣ. ಇದರಲ್ಲಿ ಮೂರು ಹಂತಗಳಿವೆ. ಮೊದಲನೆಯದಾಗಿ, ಸಂವೇದಕವು ಒತ್ತಡ, ದೂರ, ಓಲುವಿಕೆ, ಬೆಳಕು ಮೊದಲಾದವುಗಳಲ್ಲೊಂದನ್ನು ಅಳೆದು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುತ್ತದೆ. ಎರಡನೆಯದಾಗಿ, ಚಿಕ್ಕದೊಂದು ಮಂಡಲವು ಆ ಏರಿಳಿತವನ್ನು ಅಂಕಿಗಳನ್ನಾಗಿ ಪರಿವರ್ತಿಸಿ ಗಣಕಕ್ಕೆ ಕಳುಹಿಸುತ್ತದೆ. ಮೂರನೆಯದಾಗಿ, ತಂತ್ರಾಂಶವು ಆ ಅಂಕಿಗಳನ್ನು ಸ್ವರ, ಬಲ, ನಾದಗುಣ ಮುಂತಾದವುಗಳೊಡನೆ ಜೋಡಿಸುತ್ತದೆ. ಈ ಮೂರನೆಯ ಹಂತದ ಜೋಡಣೆಯೇ ವಾದ್ಯದ ಪ್ರಾಣ. ಒಂದೇ ನಿಯಂತ್ರಕ, ಒಂದೇ ನಾದಯಂತ್ರ ಇದ್ದರೂ ಜೋಡಣೆ ಬದಲಾದರೆ ವಾದ್ಯವೇ ಬೇರೆಯಾಗುತ್ತದೆ.

ಒಂದು ಚಲನೆಗೆ ಒಂದು ಗುಣವೆಂಬ ಸರಳವಾದ ಜೋಡಣೆಯೇ ಉತ್ತಮವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಪಿಟೀಲಿನಲ್ಲಿ ಕಮಾನಿನ ವೇಗ, ಒತ್ತಡ, ಸ್ಥಾನ ಇವು ಮೂರೂ ಸೇರಿ ಬಲವನ್ನೂ ನಾದಗುಣವನ್ನೂ ನಿರ್ಣಯಿಸುತ್ತವೆ, ಯಾವುದೊಂದನ್ನೂ ಬೇರ್ಪಡಿಸಲಾಗುವುದಿಲ್ಲ. ಆಂಡಿ ಹಂಟ್, ಮಾರ್ಸೆಲೊ ವಾಂಡರ್ಲಿ ಮೊದಲಾದ ಸಂಶೋಧಕರು ಇಂಥ ಹೆಣೆದ ಜೋಡಣೆಗಳೇ ವಾದಕನನ್ನು ಹೆಚ್ಚು ಕಾಲ ಹಿಡಿದಿಡುತ್ತವೆಂದು ಪ್ರತಿಪಾದಿಸಿದ್ದಾರೆ. ಸುಲಭವಾದುದು ಬೇಗ ಬೇಸರ ತರಿಸುತ್ತದೆ. ತುಸು ಎದುರುನಿಲ್ಲುವ ವಾದ್ಯ ಸಾಧನೆಯನ್ನು ಬೇಡುತ್ತದೆ.

೧೯೯೭ರಲ್ಲಿ ಹಿರೋಶಿ ಇಶಿಯಿ ಮತ್ತು ಬ್ರಿಗ್ ಉಲ್ಮರ್ ಅವರು ಗಣಕದೊಳಗಿನ ಅಂಕಿಗಳಿಗೆ ಕೈಗೆ ಸಿಕ್ಕುವ ವಸ್ತುರೂಪವನ್ನು ಕೊಡಬೇಕೆಂಬ ವಾದವನ್ನು ಮಂಡಿಸಿದರು. ಸಂಗೀತದಲ್ಲಿ ಈ ವಿಚಾರಕ್ಕೆ ದೊರೆತ ಪ್ರಸಿದ್ಧ ಉದಾಹರಣೆ ಬಾರ್ಸಿಲೋನದ ಪೋಂಪೆಯು ಫಾಬ್ರ ವಿಶ್ವವಿದ್ಯಾನಿಲಯದಲ್ಲಿ ಸೆರ್ಜಿ ಜೋರ್ದಾ ಮತ್ತು ಅವರ ಸಂಗಡಿಗರು ನಿರ್ಮಿಸಿದ ರಿಯಾಕ್ಟೇಬಲ್. ಇದೊಂದು ದುಂಡನೆಯ ಅರೆಪಾರದರ್ಶಕ ಮೇಜು. ಅದರ ಮೇಲಿಡುವ ಬಿಲ್ಲೆಗಳ ತಳದಲ್ಲಿ ವಿಶಿಷ್ಟ ಚಿಹ್ನೆಗಳಿವೆ. ಮೇಜಿನ ಕೆಳಗಿನ ಕ್ಯಾಮೆರಾ ಆ ಚಿಹ್ನೆಗಳನ್ನು ಓದಿ, ಯಾವ ಬಿಲ್ಲೆ ಎಲ್ಲಿದೆ, ಎಷ್ಟು ತಿರುಗಿದೆ ಎಂಬುದನ್ನು ತಿಳಿಸುತ್ತದೆ. ಒಂದು ಬಿಲ್ಲೆ ಆಂದೋಲಕ, ಇನ್ನೊಂದು ನಾದವನ್ನು ಸೋಸುವ ಜರಡಿ. ಎರಡನ್ನೂ ಹತ್ತಿರ ತಂದರೆ ಅವು ತಾವಾಗಿಯೇ ಕೂಡಿಕೊಳ್ಳುತ್ತವೆ. ಆ ಕೂಡಿಕೆ ಬೆಳಕಿನ ಗೆರೆಯಾಗಿ ಮೇಜಿನ ಮೇಲೆ ಕಾಣುತ್ತದೆ. ಐಸ್‌ಲೆಂಡಿನ ಗಾಯಕಿ ಬ್ಯೋರ್ಕ್ ಅವರ ೨೦೦೭ರ ಸಂಗೀತಯಾತ್ರೆಯಲ್ಲಿ ಇದನ್ನು ಬಳಸಲಾಯಿತು.

೬

ಈಗ ನಾವು ಮೊದಲು ಸೂಚಿಸಿದ ಸಮಸ್ಯೆಗೆ ಬರಬಹುದು. ಹಳೆಯ ವೀಣೆಯೊಂದು ದೊರೆತರೆ, ತಂತಿ ಕಟ್ಟಿ, ಮೇಣ ಹಾಕಿ ಮೇಳವನ್ನು ಸರಿಪಡಿಸಿ, ಅದು ಹೇಗೆ ನುಡಿಯುತ್ತಿತ್ತೆಂಬುದನ್ನು ಬಹುಮಟ್ಟಿಗೆ ಅರಿಯಬಹುದು; ವಾದ್ಯವೇ ಅಲ್ಲಿ ಆಕರ. ಸಂವೇದಕಗಳ ವಾದ್ಯದಲ್ಲಿ ಹಾಗಲ್ಲ. ಜೋಡಣೆ ಇರುವುದು ತಂತ್ರಾಂಶದಲ್ಲಿ; ತಂತ್ರಾಂಶ ನಡೆಯುವುದು ಆ ಕಾಲದ ಗಣಕದಲ್ಲಿ. ಗಣಕ ಬಳಕೆ ತಪ್ಪಿದರೆ ಕೈಗೆ ಕಟ್ಟಿದ ಚೌಕಟ್ಟು ಮೂಕವಾಗುತ್ತದೆ. ಗ್ರೂವ್ ವ್ಯವಸ್ಥೆ ಕಣ್ಮರೆಯಾಗಿ ದಶಕಗಳೇ ಕಳೆದಿವೆ. ಅದರಲ್ಲಿ ಲಾರಿ ಸ್ಪೀಗೆಲ್ ರಚಿಸಿದ ಸಂಗೀತ ನಮಗಿಂದು ದೊರೆಯುವುದು ಧ್ವನಿಮುದ್ರಣವಾಗಿ.

ನಮ್ಮ ದೇಶದಲ್ಲೇ ಇದಕ್ಕೆ ಸಮೀಪದ ನಿದರ್ಶನವಿದೆ. ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಗೀತಾ ಸಾರಾಭಾಯಿ ಅವರ ಆಸ್ಥೆಯಿಂದಲೂ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದಲೂ, ಮೂಗ್ ನಾದಸಂಯೋಜಕವನ್ನುಳ್ಳ ಎಲೆಕ್ಟ್ರಾನಿಕ್ ಸಂಗೀತಶಾಲೆ ಏರ್ಪಟ್ಟಿತು. ಅಲ್ಲಿ ೧೯೬೯ರಿಂದ ೧೯೭೨ರವರೆಗೆ ಭಾರತೀಯ ರಚನಕಾರರು ಮಾಡಿದ ಧ್ವನಿಸುರುಳಿಗಳು ಸಂಸ್ಥೆಯ ಭಂಡಾರದಲ್ಲಿ ಹಲವು ದಶಕಗಳ ಕಾಲ ಕೇಳುವವರಿಲ್ಲದೆ ಉಳಿದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಬೆಳಕಿಗೆ ತಂದರು. ೨೦೨೩ರಲ್ಲಿ ಅವುಗಳಿಂದ ಆಯ್ದ ಸಂಕಲನ ಪ್ರಕಟವಾಯಿತು. ಭಾರತದ ಎಲೆಕ್ಟ್ರಾನಿಕ್ ಸಂಗೀತದ ಒಂದು ಅಧ್ಯಾಯವೇ ಸುರುಳಿಗಳ ಪೆಟ್ಟಿಗೆಯ ಮೇಲೆ ನಿಂತಿತ್ತೆಂಬುದನ್ನು ಮರೆಯುವಂತಿಲ್ಲ. ಸುರುಳಿಯಲ್ಲಿ ನಾದ ಉಳಿಯಿತು. ಯಾವ ತಿರುಪನ್ನು ಯಾವ ಕೈ ಯಾವಾಗ ತಿರುಗಿಸಿತೆಂಬುದನ್ನು ನಾದದಿಂದ ಊಹಿಸಬೇಕಷ್ಟೆ.

೭

ಆದಕಾರಣ ನಮ್ಮ ಕಾಲೇಜುಗಳಲ್ಲಿ ಈ ಪ್ರಯೋಗಗಳಿಗೆ ಕೈಹಾಕುವವರು ದಾಖಲೆಯ ಕಡೆಗೂ ಗಮನ ಕೊಡುವುದು ಅವಶ್ಯಕ. ಪ್ರಯೋಗ ಇಂದು ದುಬಾರಿಯಲ್ಲ. ಇಟಲಿಯ ಇವ್ರಿಯಾದಲ್ಲಿ ೨೦೦೫ರಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಮಂಡಲವು ಸಂವೇದಕಗಳನ್ನು ಓದಬಲ್ಲುದು; ಮಿಲರ್ ಪಕೆಟ್ ೧೯೯೬ರಲ್ಲಿ ಹೊರತಂದ ಪ್ಯೂರ್ ಡೇಟಾ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ವಾದ್ಯವನ್ನು ಕಟ್ಟುವ ವಿದ್ಯಾರ್ಥಿಯು ನಾಲ್ಕನ್ನು ಉಳಿಸಬೇಕು: ಸಾಧನದ ಚಿತ್ರ ಮತ್ತು ಅಳತೆಗಳು, ತಂತ್ರಾಂಶದ ಪ್ರತಿ, ಯಾವ ಚಲನೆ ಯಾವ ಗುಣವನ್ನು ಎಷ್ಟರಮಟ್ಟಿಗೆ ಬದಲಿಸುತ್ತದೆಂದು ಸಾಮಾನ್ಯ ಭಾಷೆಯಲ್ಲಿ ಬರೆದ ವಿವರಣೆ, ನುಡಿಸುವ ಕೈಗಳು ಕಾಣುವಂಥ ಚಲಚ್ಚಿತ್ರ. ಇವುಗಳಲ್ಲಿ ಮೂರನೆಯದೇ ಅತ್ಯಂತ ಬಾಳಿಕೆಯದೆಂದು ನಮ್ಮ ನಂಬಿಕೆ. ತಂತ್ರಾಂಶವನ್ನು ಓದಬಲ್ಲ ಯಂತ್ರ ಇಲ್ಲವಾದರೂ ಬರಹವನ್ನು ಓದಬಲ್ಲ ಮನುಷ್ಯನಿರುತ್ತಾನೆ. ಅವನು ಅದರ ಆಧಾರದ ಮೇಲೆ ವಾದ್ಯವನ್ನು ಹೊಸದಾಗಿ ಕಟ್ಟಬಲ್ಲನು. ಗುರುವಿನ ಬೆರಳನ್ನು ಶಿಷ್ಯನು ಕಣ್ಣಾರೆ ಕಂಡು ಕಲಿಯುವ ಸಂಪ್ರದಾಯದಲ್ಲಿ ವಾದನಕ್ರಮವು ಕೈಯಿಂದ ಕೈಗೆ ಸಾಗಿಬಂದಿದೆ. ತಲೆಮಾರೊಂದೂ ಬಾಳದ ಈ ಹೊಸ ವಾದ್ಯಗಳಿಗೆ ಅಂಥ ಶಿಷ್ಯಪರಂಪರೆ ಬೆಳೆಯುವವರೆಗೆ ಆ ಹೊಣೆಯನ್ನು ಲೇಖನಿಯೇ ಹೊರಬೇಕಾಗಿದೆ.