ಬಾಡಿಗೆ ಮನೆಯ ಗೀಸರ್: ಯಾವುದನ್ನು ಕಿತ್ತುಹಾಕಬೇಕು, ಯಾವುದನ್ನು ಹಾಕಿಸಬೇಕು

ಈ ಸಲದ ವಿಡಿಯೋದಲ್ಲಿ ಗೀಸರ್ ಬಗ್ಗೆ ಮಾತಾಡಿದ್ದೆ. ಅದರಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇತ್ತು. ನಿಧಾನವಾಗಿ ನೋಡ್ಕೊಳ್ಳೋರಿಗೆ ಅನುಕೂಲ ಆಗಲಿ ಅಂತ ಅದನ್ನೇ ಇಲ್ಲಿ ಜೋಡಿಸಿ ಬರೆದಿದ್ದೀನಿ. ಪುಣೆ, ಹೈದರಾಬಾದ್, ದೆಹಲಿ ಕಡೆ ಬಾಡಿಗೆ ಫ್ಲಾಟ್‌ನಲ್ಲಿ ಇರೋರು, ಅದರಲ್ಲೂ ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇರೋರು, ದಯವಿಟ್ಟು ಪೂರ್ತಿ ಓದಿ.

ಮೊದಲು ನಮ್ಮ ಮನೆಯಲ್ಲಿ ನಡೆದದ್ದು ಹೇಳ್ತೀನಿ.

ಮದುವೆಯಾದ ಹೊಸತು. ಪುಣೆಯಲ್ಲಿ ಒಂದು ಹಳೇ ಬಿಲ್ಡಿಂಗ್‌ನ ಎರಡನೇ ಮಹಡಿಯಲ್ಲಿದ್ವಿ. ಬಾತ್‌ರೂಮ್ ಗೋಡೆಗೆ ಒಂದು ಪುಟ್ಟ ಗ್ಯಾಸ್ ಗೀಸರ್, ಅದರ ಕೆಳಗೆ ಸಿಲಿಂಡರ್. ಜನವರಿ ತಿಂಗಳು, ತಣ್ಣನೆ ಗಾಳಿ ಬರುತ್ತೆ ಅಂತ ವೆಂಟಿಲೇಟರ್‌ಗೆ ನಾನೇ ರಟ್ಟು ಅಂಟಿಸಿದ್ದೆ. ಎಕ್ಸಾಸ್ಟ್ ಫ್ಯಾನ್ ಕೆಟ್ಟು ತಿಂಗಳಾಗಿತ್ತು. ಆ ವಾರ ನನ್ನ ತಮ್ಮ ಇಂಟರ್‌ವ್ಯೂಗೆ ಅಂತ ಊರಿಂದ ಬಂದಿದ್ದ. ಬೆಳಿಗ್ಗೆ ನಾನು ಸ್ನಾನ ಮಾಡಿದೆ, ಆಮೇಲೆ ನನ್ನ ಹೆಂಡತಿ, ಕೊನೆಗೆ ಅವನು. ಇಪ್ಪತ್ತು ನಿಮಿಷ ಆಯ್ತು, ನೀರಿನ ಸದ್ದು ಬರ್ತಾನೇ ಇತ್ತು. ಕೂಗಿದರೆ ಉತ್ತರ ಇಲ್ಲ. ಪುಣ್ಯಕ್ಕೆ ಆ ಬಾಗಿಲ ಚಿಲಕ ಸಡಿಲ ಇತ್ತು, ಎರಡು ಸಲ ಒದ್ದಿದ್ದಕ್ಕೆ ತೆರೆದುಕೊಂಡಿತು. ತಮ್ಮ ಗೋಡೆಗೆ ಒರಗಿ ಕೂತಿದ್ದ, ಕಣ್ಣು ಅರ್ಧ ಮುಚ್ಚಿತ್ತು. ಎಳೆದು ಬಾಲ್ಕನಿಗೆ ತಂದು ಮಲಗಿಸಿದ್ವಿ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆಯಾ?" ಆಕ್ಸಿಜನ್ ಕೊಟ್ಟರು. ಸಂಜೆ ಹೊತ್ತಿಗೆ ತಮ್ಮ, "ಅಣ್ಣಾ, ಇಂಟರ್‌ವ್ಯೂ ಎಷ್ಟೊತ್ತಿಗೆ?" ಅಂತ ಕೇಳಿದ. ಆಗ ನಾನು ಅತ್ತುಬಿಟ್ಟೆ. ಅಮ್ಮನಿಗೆ ನಿಜ ಹೇಳಿದ್ದು ಆರು ತಿಂಗಳ ಮೇಲೆ.

ನನಗೆ ಇವತ್ತಿಗೂ ಚುಚ್ಚೋದು ಬೇರೆ ವಿಷಯ. ಆ ವಾರ ಪೂರ್ತಿ ಸ್ನಾನ ಆದಮೇಲೆ ನನಗೆ ತಲೆನೋವು ಬರ್ತಿತ್ತು. ಗೀಸರ್‌ನ ಉರಿ ನೀಲಿ ಇರಬೇಕಾದದ್ದು ಹಳದಿಯಾಗಿತ್ತು. ಮೇಲಿನ ಗೋಡೆ ಕಪ್ಪಗಾಗಿತ್ತು. ಎಂಟೆಕ್ ಓದಿದವನು ನಾನು. ಆಫೀಸಿನ ಸರ್ವರ್‌ನಲ್ಲಿ ಒಂದು ವಾರ್ನಿಂಗ್ ಬಂದರೆ ರಾತ್ರಿ ಎರಡು ಗಂಟೆಗೆ ಎದ್ದು ನೋಡ್ತೀನಿ. ಬಚ್ಚಲಲ್ಲಿ ಮೂರು ವಾರ್ನಿಂಗ್ ಬಂದಿದ್ವು, ಒಂದನ್ನೂ ನೋಡಲಿಲ್ಲ.

ಮುಚ್ಚಿದ ಬಾತ್‌ರೂಮಲ್ಲಿ ಆಗೋದೇನು?

ಉರಿಗೆ ಗಾಳಿ ಬೇಕು. ಒಂದು ಕೆಜಿ ಎಲ್‌ಪಿಜಿ ಪೂರ್ತಿ ಉರಿಯೋಕೆ ಸುಮಾರು 12 ಘನ ಮೀಟರ್ ಗಾಳಿ ಬೇಕಾಗುತ್ತೆ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡೋ ಗ್ಯಾಸ್ ಗೀಸರ್ ಪೂರ್ತಿ ಉರಿಯಲ್ಲಿದ್ದರೆ ಗಂಟೆಗೆ ಹೆಚ್ಚುಕಮ್ಮಿ ಒಂದು ಕೆಜಿ ಗ್ಯಾಸ್ ಸುಡುತ್ತೆ. ಅಂದರೆ ಹತ್ತು ನಿಮಿಷಕ್ಕೆ 2 ಘನ ಮೀಟರ್ ಗಾಳಿ ಬೇಕು. ನಮ್ಮ ಫ್ಲಾಟ್‌ಗಳ ಬಾತ್‌ರೂಮ್ 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ ಅಂದುಕೊಳ್ಳಿ. ಒಟ್ಟು 8 ಘನ ಮೀಟರ್ ಗಾಳಿ. ಎಲ್ಲಾ ಮುಚ್ಚಿದ್ದರೆ ಹತ್ತೇ ನಿಮಿಷದಲ್ಲಿ ಒಳಗಿನ ಆಮ್ಲಜನಕದ ಕಾಲು ಭಾಗ ಉರಿಗೇ ಹೋಯ್ತು. ಉಸಿರಾಡೋರು ನೀವು ಬೇರೆ ಇದ್ದೀರಿ.

ಆಮ್ಲಜನಕ ಸಾಲದೇ ಹೋದಾಗ ಗ್ಯಾಸ್ ಅರೆಬರೆ ಉರಿಯುತ್ತೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಲೀಕ್ ಆದರೆ ಬರೋ ವಾಸನೆ ಬೇಕಂತಲೇ ಬೆರೆಸಿರೋದು. ಅದು ಉರಿದುಹೋದ ಮೇಲೆ ಆ ಎಚ್ಚರಿಕೆಯೂ ಇರಲ್ಲ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪೋದು. ಎದ್ದು ಚಿಲಕ ತೆಗೀಬೇಕು ಅಂತ ಅನ್ನಿಸೋ ಹೊತ್ತಿಗೆ ಕಾಲಲ್ಲಿ ಶಕ್ತಿ ಇರಲ್ಲ.

ಇನ್ನೊಂದು ಮುಖ್ಯ ವಿಷಯ. ಕೊರೊನಾ ಕಾಲದಲ್ಲಿ ನಾವೆಲ್ಲ ಆಕ್ಸಿಮೀಟರ್ ತಂದಿಟ್ಟುಕೊಂಡಿದ್ದೀವಲ್ಲ, ಅದನ್ನು ಇಲ್ಲಿ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಇರೋ ರಕ್ತ ಅಂತಲೇ ಓದುತ್ತೆ. ಬೆರಳಿಗೆ ಹಾಕಿದರೆ 98 ತೋರಿಸಬಹುದು, ಮನುಷ್ಯ ಅಪಾಯದಲ್ಲಿರಬಹುದು. ಮೊದಲು ಬಾಗಿಲು ತೆಗೆದು ಹೊರಗಿನ ಗಾಳಿಗೆ ಕರೆತನ್ನಿ, ಗ್ಯಾಸ್ ಆಫ್ ಮಾಡಿ, 112ಕ್ಕೆ ಫೋನ್ ಮಾಡಿ. ಡಾಕ್ಟರ್‌ಗೆ "ಗ್ಯಾಸ್ ಗೀಸರ್ ಇತ್ತು" ಅಂತ ಬಾಯಿಬಿಟ್ಟು ಹೇಳಿ.

ಹಂಡೆ ಒಲೆಗೆ ಇದ್ದ ಬುದ್ಧಿ

ನಮ್ಮ ಅಜ್ಜಿ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಇತ್ತು. ದೀಪಾವಳಿಯಲ್ಲಿ ನೀರು ತುಂಬೋ ಹಬ್ಬದ ದಿನ ಹಂಡೆ ಬೆಳಗಿ, ಪೂಜೆ ಮಾಡಿ, ಬೆಳಗಿನ ಜಾವ ಎಣ್ಣೆ ಸ್ನಾನ. ಅಲ್ಲೂ ಉರಿ ಇತ್ತು, ಹೊಗೆ ಇತ್ತು. ಹಾಗಾದ್ರೆ ಅಲ್ಲಿ ಯಾಕೆ ಏನೂ ಆಗಲಿಲ್ಲ? ಹೆಂಚಿನ ಸಂದಿಯಲ್ಲಿ ಗಾಳಿ ಆಡ್ತಿತ್ತು. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಹೊರಗಡೆಗೇ ಇರ್ತಿತ್ತು, ಉರಿ ಹಾಕೋರು ಹೊರಗೆ, ಸ್ನಾನ ಮಾಡೋರು ಒಳಗೆ. ಹೊಗೆ ಹೆಚ್ಚಾದರೆ ಕಣ್ಣು ಉರಿದು ನಾವೇ ಎದ್ದು ಬರ್ತಿದ್ವಿ. ಇಲ್ಲಿ ನಾವು ಉರಿಯನ್ನು ಟೈಲ್ಸ್ ಹಾಕಿದ ಡಬ್ಬಿಯೊಳಗೆ ತಂದು, ಬಾಗಿಲು ಹಾಕಿಕೊಂಡು, ಹೊಗೆ ಕಾಣಲ್ಲ ಅಂತ ನೆಮ್ಮದಿಯಾಗಿದ್ದೀವಿ.

ಆದ್ದರಿಂದ ನನ್ನ ಮೊದಲ ನಿಯಮ: ಗ್ಯಾಸ್ ಗೀಸರ್ ಬೇಕೇ ಬೇಕು ಅಂದರೆ ಅದು ಬಾಲ್ಕನಿಯಲ್ಲಿ, ತೆರೆದ ಗಾಳಿಯಲ್ಲಿ ಇರಲಿ. ಬಾತ್‌ರೂಮಿಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. "ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ" ಅನ್ನೋದು ಸಾಲಲ್ಲ. ಒಂದು ದಿನ ಸ್ವಿಚ್ ಹಾಕೋದು ಮರೆತರೆ ಮುಗೀತು. ಪೈಪ್ ಗ್ಯಾಸ್ ಬಂದಿರೋರು ಇನ್ನೊಂದು ನೆನಪಿಡಿ, ಎಲ್‌ಪಿಜಿಗೆ ಮಾಡಿದ ಗೀಸರನ್ನು ಪಿಎನ್‌ಜಿಗೆ ಹಾಗೇ ಜೋಡಿಸಬಾರದು. ಎರಡರ ಒತ್ತಡ, ನಾಜಲ್ ಎಲ್ಲಾ ಬೇರೆ.

ಉಳಿಯೋ ದುಡ್ಡು ಎಷ್ಟು?

ಗ್ಯಾಸ್ ಅಗ್ಗ ಅನ್ನೋರಿಗೆ ಈ ಲೆಕ್ಕ. ಒಂದು ಬಕೆಟ್ ಅಂದರೆ 20 ಲೀಟರ್ ನೀರು. 20 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿ ಮಾಡೋಕೆ 0.47 ಯೂನಿಟ್ ಬೇಕು, ಅರ್ಧ ಯೂನಿಟ್ ಅಂತಲೇ ಇಟ್ಕೊಳ್ಳಿ. ಯೂನಿಟ್‌ಗೆ 9 ರೂಪಾಯಿ ಅಂದರೆ ಬಕೆಟ್‌ಗೆ ನಾಲ್ಕೂವರೆ ರೂಪಾಯಿ. ಅದೇ ಕೆಲಸಕ್ಕೆ ಗ್ಯಾಸ್ ಗೀಸರ್ ಸುಮಾರು 45 ಗ್ರಾಂ ಎಲ್‌ಪಿಜಿ ಸುಡುತ್ತೆ. 14.2 ಕೆಜಿ ಸಿಲಿಂಡರ್‌ನಲ್ಲಿ 300 ಬಕೆಟ್ ಚಿಲ್ಲರೆ. ಸಿಲಿಂಡರ್ 900 ರೂಪಾಯಿ ಅಂದುಕೊಂಡರೆ ಬಕೆಟ್‌ಗೆ ಮೂರು ರೂಪಾಯಿ. ನಿಮ್ಮ ಊರಿನ ದರ ಹಾಕಿ ನೋಡಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಆರು ರೂಪಾಯಿ, ತಿಂಗಳಿಗೆ 180 ರೂಪಾಯಿ ಉಳಿತಾಯ. ಎರಡು ಪ್ಲೇಟ್ ಮಸಾಲೆ ದೋಸೆ ದುಡ್ಡು. ಇದಕ್ಕೋಸ್ಕರ ನಾನು ತಮ್ಮನನ್ನು ಕಳ್ಕೊಳ್ತಿದ್ದೆ.

ಕರೆಂಟ್ ಗೀಸರ್ ಆರಿಸೋದು ಹೇಗೆ?

ಇದು ಊರಿನ ಮೇಲೆ ಹೋಗುತ್ತೆ. 3 ಲೀಟರ್, 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ತಗೊಳ್ಳಿ. ಚೆನ್ನೈಯಲ್ಲಿ ನಲ್ಲಿ ನೀರೇ 27-28 ಡಿಗ್ರಿ ಇರುತ್ತೆ, 40ಕ್ಕೆ ಏರಿಸೋಕೆ ನಿಮಿಷಕ್ಕೆ ಮೂರೂವರೆ ಲೀಟರ್ ಬರುತ್ತೆ. ಐದಾರು ನಿಮಿಷಕ್ಕೆ ಬಕೆಟ್ ತುಂಬುತ್ತೆ, ಸಾಕು. ಅದೇ ಗೀಸರ್ ದೆಹಲಿಯ ಜನವರಿಯಲ್ಲಿ, ನೀರು 14 ಡಿಗ್ರಿ ಇದ್ದಾಗ, ನಿಮಿಷಕ್ಕೆ 1.6 ಲೀಟರ್ ಅಷ್ಟೇ. ಬಕೆಟ್ ತುಂಬೋಕೆ ಹನ್ನೆರಡು ನಿಮಿಷ, ಅಷ್ಟು ಹೊತ್ತು ನಡುಗ್ತಾ ನಿಂತಿರಬೇಕು. ಗೀಸರ್ ಕೆಟ್ಟದ್ದಲ್ಲ, ಊರು ತಪ್ಪು.

ಪುಣೆ, ಹೈದರಾಬಾದ್, ದೆಹಲಿಗೆ ಸ್ಟೋರೇಜ್ ಗೀಸರ್ ಒಳ್ಳೇದು. ಟ್ಯಾಂಕ್‌ನಲ್ಲಿ 60 ಡಿಗ್ರಿ ನೀರಿದ್ದು, ನೀವು 20 ಡಿಗ್ರಿ ತಣ್ಣೀರು ಬೆರೆಸಿ 40ಕ್ಕೆ ತಂದರೆ ನೀರು ಎರಡರಷ್ಟಾಗುತ್ತೆ. 15 ಲೀಟರ್ ಗೀಸರ್‌ನಿಂದ ಒಂದೂವರೆ ಬಕೆಟ್, 25 ಲೀಟರ್‌ನಿಂದ ಎರಡೂವರೆ ಬಕೆಟ್. ಗಂಡ ಹೆಂಡತಿ ಇಬ್ಬರೇ, ಬಕೆಟ್ ಸ್ನಾನ ಅಂದರೆ 15 ಸಾಕು. ಊರಿಂದ ಅಪ್ಪ ಅಮ್ಮ ಬಂದು ಇರ್ತಾರೆ, ಇಲ್ಲಾ ಶವರ್ ಅಭ್ಯಾಸ ಅಂದರೆ 25. ಎರಡು ಕಿಲೋವ್ಯಾಟ್ ಗೀಸರ್‌ಗೆ 25 ಲೀಟರ್ ಕಾಯಿಸೋಕೆ ಅರ್ಧ ಗಂಟೆ ಮೇಲೆ ಐದು ನಿಮಿಷ ಹಿಡಿಯುತ್ತೆ.

ಬಿಇಇ ಸ್ಟಾರ್ ಲೇಬಲ್ ಹೇಳೋದು ನೀರು ಎಷ್ಟು ಬೇಗ ಕಾಯುತ್ತೆ ಅಂತಲ್ಲ. ಬಿಸಿನೀರು ಸುಮ್ಮನೆ ಇದ್ದಾಗ 24 ಗಂಟೆಯಲ್ಲಿ ಎಷ್ಟು ಶಾಖ ಸೋರಿಹೋಗುತ್ತೆ ಅಂತ. ದಿನಕ್ಕೆ ಅರ್ಧ ಗಂಟೆ ಹಾಕಿ ಆಫ್ ಮಾಡೋ ಮನೆಗೆ ಸ್ಟಾರ್‌ನಿಂದ ದೊಡ್ಡ ವ್ಯತ್ಯಾಸ ಇಲ್ಲ. ಇಡೀ ದಿನ ಆನ್ ಬಿಡೋರಿಗೆ ಇದೆ.

ಎತ್ತರದ ಟವರ್‌ಗಳಲ್ಲಿ ಇರೋರು ಒತ್ತಡದ ರೇಟಿಂಗ್ ನೋಡಿ. ಪ್ರತಿ 10 ಮೀಟರ್ ನೀರಿನ ಎತ್ತರಕ್ಕೆ ಒಂದು ಬಾರ್ ಒತ್ತಡ. ಹದಿನೈದು-ಇಪ್ಪತ್ತು ಮಹಡಿಯ ಕೆಳಗಿನ ಮನೆಗಳಿಗೆ 8 ಬಾರ್ ಅಂತ ಬರೆದಿರೋದೇ ತಗೊಳ್ಳಿ. ವಾಲ್ವ್‌ನಿಂದ ಆಗೊಮ್ಮೆ ಈಗೊಮ್ಮೆ ಹನಿ ಬಿದ್ದರೆ ಬಟ್ಟೆ ತುರುಕಿ ಮುಚ್ಚಬೇಡಿ. ಆ ವಾಲ್ವ್ ಇರೋದೇ ಒತ್ತಡ ಬಿಡೋಕೆ.

ವೈರಿಂಗ್: 2 ಕಿಲೋವ್ಯಾಟ್ ಅಂದರೆ ಸುಮಾರು 9 ಆಂಪಿಯರ್, 3 ಕಿಲೋವ್ಯಾಟ್ ಅಂದರೆ 13. ಮೊಬೈಲ್ ಚಾರ್ಜರ್ ಹಾಕೋ 6 ಆಂಪಿಯರ್ ಸಾಕೆಟ್, ಎಕ್ಸ್‌ಟೆನ್ಷನ್ ಬೋರ್ಡ್ ಯಾವುದೂ ನಡೆಯಲ್ಲ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಹಳೇ ಬಿಲ್ಡಿಂಗ್ ಆದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮೊದಲು ಚೆಕ್ ಮಾಡಿಸಿ, ಆಮೇಲೆ ಗೀಸರ್ ಆರ್ಡರ್ ಮಾಡಿ.

ರಿಪೇರಿನಾ, ಹೊಸದಾ?

ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸುತನ ಗೀಸರ್‌ಗೆ ದೊಡ್ಡ ಶತ್ರು. ನೀರು ಕಾದಾಗ ಸುಣ್ಣ ಕಾಯಿಲ್ ಮೇಲೆ ಕಲ್ಲಿನ ಹಾಗೆ ಕಟ್ಟಿಕೊಳ್ಳುತ್ತೆ. ಒಳಗೆ ಗುಡುಗುಡು ಸದ್ದು ಬಂದರೆ, ಕಾಯೋಕೆ ಮೊದಲಿಗಿಂತ ಹೊತ್ತಾದರೆ ಅದೇ ಕಾರಣ ಇರಬಹುದು. ಥರ್ಮೋಸ್ಟಾಟ್ 75ರ ಬದಲು 55-60ಕ್ಕೆ ಇಟ್ಟರೆ ಸುಣ್ಣ ಕಟ್ಟೋದು ಕಡಿಮೆ.

ಟ್ಯಾಂಕ್ ಒಳಗೆ ಮೆಗ್ನೀಸಿಯಂ ಆನೋಡ್ ರಾಡ್ ಅಂತ ಒಂದು ಕಡ್ಡಿ ಇರುತ್ತೆ. ಟ್ಯಾಂಕ್ ತುಕ್ಕು ಹಿಡಿಯೋ ಬದಲು ತಾನು ಸವೆಯೋದೇ ಅದರ ಕೆಲಸ. ಗಡಸು ನೀರಿನ ಊರಲ್ಲಿ ವರ್ಷಕ್ಕೊಮ್ಮೆ ಸರ್ವೀಸ್‌ನಲ್ಲಿ ಅದನ್ನು ತೆಗೆಸಿ ನೋಡಿ. ಸವೆದಿದ್ದರೆ ಬದಲಿಸಿ. ಕಾಯಿಲ್, ಥರ್ಮೋಸ್ಟಾಟ್, ವಾಲ್ವ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಟ್ಯಾಂಕೇ ಸೋರಿದರೆ, ಬಿಸಿನೀರು ಮಾತ್ರ ತುಕ್ಕು ಬಣ್ಣ ಬರ್ತಿದ್ದರೆ, ದುಡ್ಡು ಸುರಿಯಬೇಡಿ, ಹೊಸದು ತನ್ನಿ. ಗೀಸರ್ ಹಾಕಿದರೆ ಆರ್‌ಸಿಸಿಬಿ ಟ್ರಿಪ್ ಆಗ್ತಿದ್ದರೆ, ರಿಪೇರಿ ಆಗೋವರೆಗೂ ಅದನ್ನು ಮುಟ್ಟಬೇಡಿ. ಟ್ರಿಪ್ ಆಗುತ್ತೆ ಅಂತ ಆರ್‌ಸಿಸಿಬಿಯನ್ನೇ ತೆಗೆಸೋ ಬುದ್ಧಿವಂತರೂ ಇದ್ದಾರೆ!

ಓನರ್ ಒಪ್ಪದಿದ್ದರೆ?

ನಮ್ಮ ಮನೆ ಓನರ್, ನಾವು ಕಾಕಾ ಅಂತಿದ್ವಿ, "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ" ಅಂದರು. ಕೆಟ್ಟ ಮನುಷ್ಯ ಅಲ್ಲ, ಅವರ ಮಗಳ ಮನೆಯಲ್ಲೂ ಅದೇ ಗೀಸರ್ ಇತ್ತು. ಜಗಳ ಆಡಲಿಲ್ಲ. ಕಾಗದದ ಮೇಲೆ ಆ 8 ಘನ ಮೀಟರ್ ಲೆಕ್ಕ ಬರೆದು ತೋರಿಸಿದೆ. "ಗೀಸರ್ ನನ್ನ ದುಡ್ಡಲ್ಲಿ ತರ್ತೀನಿ, ಮನೆ ಬಿಡುವಾಗ ತಗೊಂಡು ಹೋಗ್ತೀನಿ, ವೈರಿಂಗ್ ಮಾತ್ರ ನೀವು ಮಾಡಿಸಿಕೊಡಿ" ಅಂದೆ. ಅದಕ್ಕೆ ಒಪ್ಪಿದರು. ಅದನ್ನು ವಾಟ್ಸಾಪ್‌ನಲ್ಲಿ ಬರೆದೂ ಇಟ್ಟುಕೊಂಡ್ವಿ. ಆ ಗೀಸರ್ ನಮ್ಮ ಜೊತೆ ಎರಡು ಮನೆ ಬದಲಿಸಿದೆ, ಈಗಲೂ ಕೆಲಸ ಮಾಡ್ತಿದೆ. ಮುಂದಿನ ತಿಂಗಳು ಕಾಕಾ ಮಗಳ ಮನೆ ಗೀಸರನ್ನೂ ಬಾಲ್ಕನಿಗೆ ಹಾಕಿಸಿದರು.

ಇವತ್ತು ನೀವು ಮಾಡಬೇಕಾದ್ದು ಇಷ್ಟೇ. ಬಾತ್‌ರೂಮಿಗೆ ಹೋಗಿ ಗೀಸರ್ ಕಡೆ ಒಮ್ಮೆ ನೋಡಿ. ಉರಿ ಇದೆಯಾ? ಗಾಳಿ ಎಲ್ಲಿಂದ ಬರುತ್ತೆ? ವೆಂಟಿಲೇಟರ್‌ಗೆ ರಟ್ಟು ಅಂಟಿಸಿದ್ದರೆ ಈಗಲೇ ಕಿತ್ತು ಹಾಕಿ. ಗ್ಯಾಸ್ ಗೀಸರ್ ಒಳಗಿದ್ದರೆ ನಾಳೆ ಬೆಳಿಗ್ಗೆಯಿಂದ ಅದನ್ನು ಹಚ್ಚಬೇಡಿ, ಹೊಸ ವ್ಯವಸ್ಥೆ ಆಗೋವರೆಗೂ ಅಡುಗೆಮನೆ ಸ್ಟೌ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿಕೊಳ್ಳಿ. ಅಜ್ಜಿ ಕಾಲದಲ್ಲಿ ಎಲ್ಲರೂ ಹಾಗೇ ತೋಡಿಕೊಂಡು ಸ್ನಾನ ಮಾಡಿದ್ದಾರೆ.

ನನ್ನ ತಮ್ಮನಿಗೆ ಆ ಇಂಟರ್‌ವ್ಯೂ ತಪ್ಪಿತು, ಬೇರೆ ಕಡೆ ಕೆಲಸ ಸಿಕ್ಕಿತು. ಈಗ ಅವನೂ ಇದೇ ಊರಲ್ಲಿ ಮನೆ ಮಾಡಿದ್ದಾನೆ. ಬಾಡಿಗೆಗೆ ಮನೆ ನೋಡೋಕೆ ಹೋದಾಗ ಅವನು ಮೊದಲು ತೆಗೆಯೋದು ಬಾತ್‌ರೂಮ್ ಬಾಗಿಲು.