ಸಾಲ್ವಿಯಾ: ನೀರು ಕಮ್ಮಿ, ಕತ್ತರಿ ಜಾಸ್ತಿ

ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋದವರು ಉದ್ದ ಗೊಂಚಲಿನ ಕಡುಗೆಂಪು ಹೂವಿನ ಪಾತಿಗಳನ್ನು ನೋಡಿರ್ತೀರ. ಅದೇ ಸಾಲ್ವಿಯಾ. ಹೋದ ವರ್ಷ ನಾನೂ ಅದಕ್ಕೆ ಮರುಳಾಗಿ, ನರ್ಸರಿಯಿಂದ ಒಂದು ಗಿಡ ತಂದು ಹಾಸ್ಟೆಲ್ ಬಾಲ್ಕನಿಯಲ್ಲಿಟ್ಟೆ. ಎರಡೇ ವಾರಕ್ಕೆ ಸತ್ತುಹೋಯ್ತು. ಕೊಂದವಳು ನಾನೇ! ಬೆಳಿಗ್ಗೆ ಒಂದು ಮಗ್, ಸಂಜೆ ಒಂದು ಮಗ್ ನೀರು. ಎಲೆ ಬಾಡಿದಾಗ ಪಾಪ ಬಾಯಾರಿಕೆ ಇರಬೇಕು ಅಂತ ಇನ್ನೊಂದು ಮಗ್.

ಆಗಿದ್ದೇನು ಅಂದ್ರೆ, ಬೇರಿಗೂ ಆಕ್ಸಿಜನ್ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ಯಾವಾಗಲೂ ನೀರೇ ತುಂಬಿದ್ದರೆ ಬೇರು ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆದುಕೊಳ್ಳಲ್ಲ. ಹಾಗಾಗಿ ಒದ್ದೆ ಮಣ್ಣಲ್ಲೇ ಗಿಡ ಬಾಡುತ್ತೆ, ನಾವು ಮತ್ತೆ ನೀರು ಹಾಕ್ತೀವಿ. ಇದಕ್ಕೆ ಪರಿಹಾರ ಸುಲಭ: ಬೆರಳನ್ನು ಒಂದು ಇಂಚು ಮಣ್ಣೊಳಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಕುಂಡದ ತಳದಲ್ಲಿ ತೂತು ಇರಲೇಬೇಕು. ಕೆಂಪು ಮಣ್ಣಿಗೆ ಸ್ವಲ್ಪ ಮರಳು, ಸ್ವಲ್ಪ ಗೊಬ್ಬರ ಬೆರೆಸಿದರೆ ಸಾಕು. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳೋ ಜಾಗ ಹುಡುಕಿ.

ಇನ್ನು ಕತ್ತರಿ ವಿಷಯ. ಗಿಡ ಅರ್ಧ ಅಡಿ ಬೆಳೆದಾಗ ತುದಿ ಚಿವುಟಬೇಕು. ತುದಿಯಲ್ಲಿ ತಯಾರಾಗೋ ಆಕ್ಸಿನ್ ಎಂಬ ಹಾರ್ಮೋನ್ ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತೆ. ತುದಿ ಹೋದರೆ ಪಕ್ಕದಿಂದ ಕವಲುಗಳು ಬರುತ್ತವೆ, ಪ್ರತಿ ಕವಲಿಗೂ ಗೊಂಚಲು. ಮುಗಿದ ಗೊಂಚಲುಗಳನ್ನೂ ಕತ್ತರಿಸಿ, ಇಲ್ಲದಿದ್ದರೆ ಗಿಡ ಬೀಜ ಮಾಡೋದರಲ್ಲೇ ಶಕ್ತಿ ಕಳೆಯುತ್ತೆ. ಇಲ್ಲೊಂದು ಮೋಸ ಇದೆ. ಕೆಂಪು ಸಾಲ್ವಿಯಾದಲ್ಲಿ ಹೂವಿನ ಬುಡದ ಬಟ್ಟಲೂ ಕೆಂಪೇ. ಹೂ ಉದುರಿದ ಮೇಲೂ ಅದು ಉಳಿದು, ಇನ್ನೂ ಹೂ ಇದೆ ಅನ್ನಿಸುತ್ತೆ. ಹತ್ತಿರದಿಂದ ನೋಡಿ ಕತ್ತರಿಸಿ.

ಕಾಂಡ ಮುಟ್ಟಿ ನೋಡಿದ್ರೆ ಚೌಕಾಕಾರ ಇರುತ್ತೆ. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲ ಇದೇ ಕುಟುಂಬ. ನಾವು ನೀರಲ್ಲಿ ನೆನೆಸಿ ಕುಡಿಯೋ ಚಿಯಾ ಬೀಜವಂತೂ ಒಂದು ಸಾಲ್ವಿಯಾದ್ದೇ.

ಮೆಕ್ಯಾನಿಕಲ್‌ನವರಿಗೆ ಒಂದು ಸ್ಪೆಷಲ್ ವಿಷಯ. ಜೇನುಹುಳಗಳನ್ನು ನಂಬಿರೋ ಅನೇಕ ಸಾಲ್ವಿಯಾಗಳ ಹೂವಿನೊಳಗೆ ನಿಜವಾದ ಲೀವರ್ ಇದೆ! ಮಕರಂದಕ್ಕೆ ತಲೆ ಹಾಕಿದ ಹುಳ ಕೇಸರದ ಕೆಳಗಿನ ತೋಳನ್ನು ತಳ್ಳುತ್ತೆ. ಮೇಲಿನ ತೋಳು ಬಾಗಿ ಬಂದು ಅದರ ಬೆನ್ನಿಗೆ ಪರಾಗ ಮೆತ್ತುತ್ತೆ. ಹುಳ ಹೊರಬಂದ್ರೆ ಲೀವರ್ ವಾಪಸ್ ಮೇಲಕ್ಕೆ. ಕೆಂಪು ಸಾಲ್ವಿಯಾ ಮಾತ್ರ ಹಕ್ಕಿಗಳ ಹೂವು. ಅದರ ತವರು ಬ್ರೆಜಿಲ್, ಅಲ್ಲಿ ಹಮ್ಮಿಂಗ್‌ಬರ್ಡ್ ಬರುತ್ತೆ. ಇಲ್ಲಿ ನಮ್ಮ ಸೂರಕ್ಕಿ.

ಬೀಜದಿಂದ ಶುರು ಮಾಡೋದಾದ್ರೆ ಸೆಪ್ಟೆಂಬರ್ ಕೊನೆಗೆ ಮಣ್ಣಿನ ಮೇಲೆ ಉದುರಿಸಿ. ಆಳಕ್ಕೆ ಹೂಳಬೇಡಿ, ಮೊಳಕೆಗೆ ಬೆಳಕು ಬೇಕು. ಸುಮಾರು ಮೂರು ತಿಂಗಳಿಗೆ ಹೂ.

ನನ್ನ ಎರಡನೇ ಗಿಡ ಈಗ ಆರು ಗೊಂಚಲು ಬಿಟ್ಟಿದೆ. ರಜಕ್ಕೆ ಊರಿಗೆ ಹೋಗುವಾಗ ರೂಮ್‌ಮೇಟ್‌ಗೆ ಹೇಳಿದ್ದು ಒಂದೇ ಮಾತು: "ಮಣ್ಣು ಮುಟ್ಟಿ ನೋಡದೆ ನೀರು ಹಾಕ್ಬೇಡ ಕಣೇ."