ಬೆಂಡು ಬಿಚ್ಚುವುದು ಯಾವಾಗ?

ಬಾವಿಯಲ್ಲಿ ಈಜು ಕಲಿತವರಿಗೆ ಈ ಲೆಕ್ಕ ಗೊತ್ತು. ಮೊದಲ ದಿನ ಸೋದರಮಾವ ಬೆನ್ನಿಗೆ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ತಾನೂ ನೀರಿಗಿಳಿಯುತ್ತಾನೆ. ನಾಲ್ಕೈದು ದಿನ ಕಳೆದರೆ ಮಾವ ಮೆಟ್ಟಿಲ ಮೇಲೆ, ಹಗ್ಗ ಮಾತ್ರ ಕೈಯಲ್ಲಿ. ಆಮೇಲೆ ಹಗ್ಗ ಸಡಿಲಾಗುತ್ತದೆ, ಬೆಂಡು ಸಣ್ಣದಾಗುತ್ತದೆ. ಒಂದು ಮುಂಜಾನೆ ಬೆಂಡೇ ಇರುವುದಿಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇಂಥ ಕಲಿಸುವಿಕೆಗೆ ಕಟ್ಟಡ ಏಳುವಾಗ ಸುತ್ತ ನಿಲ್ಲಿಸುವ ಅಟ್ಟಣಿಗೆಯ ಹೆಸರಿಟ್ಟರು. ಗೋಡೆ ಗಟ್ಟಿಯಾದಂತೆ ಅಟ್ಟಣಿಗೆ ಬಿಚ್ಚಬೇಕು. ನಮ್ಮ ಮಾವಂದಿರು ಅದನ್ನು ಓದಿರಲಿಲ್ಲ, ಅಷ್ಟೇ.

ಒಳ್ಳೆಯ ಬೇಸಿಗೆ ಶಿಬಿರ ನಡೆಯುವುದೂ ಹೀಗೆಯೇ. ಆದರೆ ಕಲಘಟಗಿ ತಾಲ್ಲೂಕಿನ ದುಮ್ಮವಾಡದಂಥ ಊರಿನಲ್ಲಿ ಶಿಬಿರ ಮಾಡುವವರು ಮೊದಲು ಇನ್ನೊಂದು ವಿಚಾರ ಮಾಡಬೇಕು. ಪೇಟೆಯ ಶಿಬಿರದಲ್ಲಿ ಹನ್ನೊಂದು ವರ್ಷದ ಹುಡುಗ ತನ್ನ ತಾಟು ತಾನೇ ತೊಳೆದರೆ ಫೋಟೊ ತೆಗೆಯುತ್ತಾರೆ. ಇಲ್ಲಿ ಅದೇ ವಯಸ್ಸಿನ ಹುಡುಗಿ, ಅವ್ವ ಕೂಲಿಯಿಂದ ಬರುವುದರೊಳಗೆ ಮನೆಮಂದಿಗೆಲ್ಲ ರೊಟ್ಟಿ ಬಡಿದು, ತಮ್ಮನಿಗೆ ಜಳಕ ಮಾಡಿಸಿರುತ್ತಾಳೆ. ಕೆಲಸ ಇವರಿಗೆ ಬೇಕಾದಷ್ಟಿದೆ. ಯಾವ ಕೆಲಸ, ಯಾವಾಗ, ಯಾಕೆ ಎಂದು ತೀರ್ಮಾನಿಸುವ ಮಾತು ಮಾತ್ರ ಇವರದಲ್ಲ. ಹಿರಿಯರ ಮುಂದೆ ‘ಯಾಕ್ರಿ?’ ಅನ್ನುವುದು, ಹತ್ತು ಮಂದಿಯೆದುರು ಬಾಯಿ ಬಿಡುವುದು, ಕೈಗೆ ಬಂದ ರೊಕ್ಕಕ್ಕೆ ಲೆಕ್ಕ ಇಡುವುದು, ಬೇಡವಾದದ್ದಕ್ಕೆ ಬೇಡ ಅನ್ನುವುದು. ಹಳ್ಳಿಯ ಶಿಬಿರ ಕೊಡಬೇಕಾದದ್ದು ಇದನ್ನು. ಪೇಟೆಯ ಶಿಬಿರದ ವೇಳಾಪಟ್ಟಿಯನ್ನು ಹಾಗೇ ನಕಲು ಮಾಡಿದರೆ ಇರುವುದನ್ನೇ ಮತ್ತೆ ಕೊಟ್ಟಂತೆ.

ಜಾಗ ಹುಡುಕಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಈಚೆಗೆ ರಾಜ್ಯದ ಹಲವೆಡೆ ಬೇಸಿಗೆ ಶಿಬಿರಗಳೂ ಅಲ್ಲೇ ನಡೆದಿವೆ. ನಾಟಕದ ಹುಚ್ಚಿರುವ ಮಕ್ಕಳಿಗೆ ಧಾರವಾಡ ರಂಗಾಯಣದ ಚಿಣ್ಣರ ಮೇಳ ಇದೆಯಾದರೂ ಇಲ್ಲಿಂದ ದಿನಾ ಬಸ್ಸಿನಲ್ಲಿ ಹೋಗಿಬರುವುದು ಎಲ್ಲರ ಕೈಲಾಗದು.

ಇನ್ನು ಶಿಬಿರದೊಳಗೆ ಏನು? ಸರಕಾರಿ ಶಾಲೆಯ ಮಕ್ಕಳಿಗೆ ಕಲಿಕಾ ಹಬ್ಬದಿಂದ ‘ಊರು ತಿಳಿಯೋಣ’ ಪರಿಚಿತ: ಗುಂಪುಗಟ್ಟಿ ಊರು ಸುತ್ತಿ, ಜನರನ್ನು ಕೇಳಿ, ನಕ್ಷೆ ಬರೆಯುವ ಚಟುವಟಿಕೆ. ದುಮ್ಮವಾಡಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಬೇಡ, ಯಾಕೆಂದರೆ ಪಕ್ಕದಲ್ಲೇ ನೀರಸಾಗರವಿದೆ. ಹುಬ್ಬಳ್ಳಿಗೆ ಕುಡಿಯುವ ನೀರಿಗಾಗಿ 1950ರ ದಶಕದಲ್ಲಿ ಬೇಡ್ತಿಗೆ ಒಡ್ಡು ಹಾಕಿ ಕಟ್ಟಿದ ಕೆರೆ ಅದು. ಅದೇ ಬೇಡ್ತಿ ಮುಂದೆ ಗಂಗಾವಳಿಯಾಗಿ ಅಂಕೋಲೆಯ ಹತ್ತಿರ ಸಮುದ್ರ ಸೇರುತ್ತದೆ. ನೀರು ಯಾರಿಗೆ ಹೋಗುತ್ತದೆ, ನಮ್ಮ ನಳಕ್ಕೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬರಗಾಲದಲ್ಲಿ ಕೆರೆಯ ಗತಿ ಏನಾಗಿತ್ತು ಎಂದು ಮಕ್ಕಳು ಓಣಿಯ ಅಜ್ಜಂದಿರನ್ನು ಕೇಳಲಿ. ಮೊದಲ ದಿನ ದೊಡ್ಡವರು ಜೊತೆಗೆ ಹೋಗಿ ಹೇಗೆ ಕೇಳಬೇಕೆಂದು ತೋರಿಸುತ್ತಾರೆ. ಮೂರನೆಯ ದಿನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ. ವಾರದ ಹೊತ್ತಿಗೆ ಅವರು ಕಟ್ಟೆಯ ಮೇಲೆ. ಮಕ್ಕಳು ಯಾವ ಓಣಿಯಲ್ಲಿದ್ದಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದಷ್ಟೇ ಅವರಿಗೆ ಗೊತ್ತಿರಬೇಕು.

ಆದರೆ ಎಲ್ಲ ಹಗ್ಗವೂ ಸಡಿಲಿಸುವಂಥದ್ದಲ್ಲ. ಕೆರೆಯ ದಂಡೆ, ಕೃಷಿಹೊಂಡ, ಬಾವಿಗಳ ಕಡೆಗೆ ದೊಡ್ಡವರಿಲ್ಲದೆ ಒಂದು ಮಗುವೂ ಹೋಗಕೂಡದು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಇಳಿಜಾರು ಜಾರುತ್ತದೆ, ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ. ಈ ನಿಯಮದಲ್ಲಿ ಚರ್ಚೆ ಇಲ್ಲ.

ನನಗೆ ತೀರ ಇಷ್ಟವಾದದ್ದು ಗಿರ್ಮಿಟ್ಟಿನ ಪಾಠ. ಐದಾರು ಮಕ್ಕಳ ಗುಂಪಿಗೆ 300 ರೂಪಾಯಿ ಕೊಟ್ಟು, ‘ನಾಳೆ ಮೂವತ್ತು ಮಂದಿಗೆ ಗಿರ್ಮಿಟ್ ನಿಮ್ಮದು’ ಎಂದು ಬಿಡಿ. ಚುರುಮುರಿ ಎಷ್ಟು, ಉಳ್ಳಾಗಡ್ಡಿ ಎಷ್ಟು, ಅಂಗಡಿಯಲ್ಲಿ ಯಾರು ಮಾತಾಡಬೇಕು, ಉಳಿದ ರೊಕ್ಕ ಯಾರ ಕೈಯಲ್ಲಿ, ಎಲ್ಲ ಅವರದೇ. ಪಟ್ಟಿಯಲ್ಲಿ ಪುಠಾಣಿ ಹಿಟ್ಟು ಇಲ್ಲ ಎಂದು ನಿಮಗೆ ಕೂಡಲೇ ಕಾಣುತ್ತದೆ. ಹೇಳಬೇಡಿ. ಮರುದಿನ ಹಸಿ ಹಸಿ ಗಿರ್ಮಿಟ್ ತಿಂದು ಎಲ್ಲರೂ ಮುಖ ಸಿಂಡರಿಸಿದಾಗ ‘ನಾ ಮೊದ್ಲ ಹೇಳ್ಬೇಕಂದಿದ್ದೆ’ ಅನ್ನಲೂ ಬೇಡಿ. ‘ಏನ್ ಕಡಿಮಿ ಆತು?’ ಎಂದು ಕೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನಾಲ್ಕೋ ಐದೋ ಎಣಿಸುವಷ್ಟರಲ್ಲಿ ಒಬ್ಬಳು ಹೇಳಿರುತ್ತಾಳೆ. ಮಾರ್ಗದರ್ಶಕರ ಅತಿ ಕಷ್ಟದ ಕೆಲಸ ಇದು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇದು ಇನ್ನೂ ಕಷ್ಟ.

ಅದಕ್ಕೇ ಮಾರ್ಗದರ್ಶಕರೆಲ್ಲ ಶಿಕ್ಷಕರೇ ಆಗಬೇಕಿಲ್ಲ. ಧಾರವಾಡದ ಕಾಲೇಜಿಗೆ ಹೋಗುವ ಊರಿನ ಹುಡುಗಿ, ನಿವೃತ್ತ ಪೋಸ್ಟ್‌ಮನ್, ಗರಡಿಮನೆಯ ವಸ್ತಾದ, ಆಶಾ ಕಾರ್ಯಕರ್ತೆ, ಎಲ್ಲರೂ ಆದಾರು. ಎಂಟು ಹತ್ತು ಮಕ್ಕಳಿಗೆ ಒಬ್ಬರಿರಲಿ. ಮಕ್ಕಳು ಅವರನ್ನು ‘ಸರ್’, ‘ಅಕ್ಕೋರೆ’ ಅನ್ನದೆ ಅಣ್ಣಾ, ಅಕ್ಕಾ, ಮಾಮಾ ಅನ್ನಲಿ. ಕರೆ ಬದಲಾದರೆ ಪ್ರಶ್ನೆಯೂ ಸಲೀಸಾಗಿ ಬರುತ್ತದೆ. ಮಕ್ಕಳೊಳಗೇ ಸ್ವಲ್ಪ ದೊಡ್ಡವರಿಗೆ ಸಣ್ಣವರ ಹೊಣೆ ವಹಿಸುವುದು ಹಳೆಯ ಉಪಾಯ. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿಸಿದ್ದ. ಸ್ಕೌಟ್ ಬೆಳೆದದ್ದು ಅಲ್ಲಿಂದ.

ಯಾರೇ ಬರಲಿ, ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲೊಳಗೆ ಇರಬಾರದು. ಸದಾ ಇಬ್ಬರು ದೊಡ್ಡವರು ಕಣ್ಣಳತೆಯಲ್ಲಿರಬೇಕು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಎಂಬುದು ಪ್ರತಿ ಮಾರ್ಗದರ್ಶಕರಿಗೂ ಮೊದಲ ದಿನದ ಮೊದಲೇ ತಿಳಿದಿರಬೇಕು.

ಹೊತ್ತು ಬೆಳಿಗ್ಗೆ ಏಳೂವರೆಯಿಂದ ಹನ್ನೊಂದು. ಬಿಸಿಲಿಗಿಂತ ಹೆಚ್ಚಾಗಿ ಹುಡುಗಿಯರ ಸಲುವಾಗಿ ಈ ಮಾತು. ಮಧ್ಯಾಹ್ನ ಎಂದರೆ ಮನೆಗೆಲಸ ಅವರನ್ನು ಬಿಡುವುದಿಲ್ಲ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡೇ ಬಂದರೆ ಅವನಿಗೂ ಒಂದು ಚಾಪೆ ಹಾಸಿ. ‘ನೀ ಬ್ಯಾಡ, ಕೂಸಿನ್ ಬಿಟ್ ಬಾ’ ಎಂದರೆ ಅವಳು ಮರುದಿನ ಬರುವುದಿಲ್ಲ.

ಹತ್ತು ದಿನದಲ್ಲಿ ಬಂದ ಧೈರ್ಯ ಜೂನ್ ಹೊತ್ತಿಗೆ ಆರಿಹೋಗುವುದೂ ಉಂಟು. ಆರದಂತೆ ನೋಡಿಕೊಳ್ಳಲು ಎರಡು ದಾರಿ. ಕೊನೆಯ ದಿನ ವೇಷ, ಕುಣಿತದ ಬದಲು ಅವ್ವ, ಅಪ್ಪಂದಿರನ್ನು ಕೂಡಿಸಿ, ಮನೆಯಲ್ಲಿ ಒಂದೇ ಒಂದು ತೀರ್ಮಾನ ಮಗುವಿಗೆ ಬಿಟ್ಟುಕೊಡಿ ಎಂದು ಕೇಳುವುದು: ಸಂತೆಯಲ್ಲಿ ಕಾಯಿಪಲ್ಲೆ ಆರಿಸುವುದಾದರೂ ಸರಿ. ಇನ್ನೊಂದು, ನವೆಂಬರ್ ಹೊತ್ತಿಗೆ ನಡೆಯುವ ಮಕ್ಕಳ ಗ್ರಾಮಸಭೆ. ಮೇ ತಿಂಗಳಲ್ಲಿ ತಾವೇ ಬರೆದ ನೀರಿನ ನಕ್ಷೆಯನ್ನು ಅಲ್ಲಿ ಹರವಿ, ‘ನಮ್ಮ ಓಣಿಗೆ ನೀರು ಯಾಕ್ರಿ ಬರೂದಿಲ್ಲ?’ ಎಂದು ಕೇಳಿದ ಮಗುವಿನ ಬೆನ್ನಿಗೆ ಬೆಂಡು ಇಲ್ಲ.

ಶಾಲೆಗಳ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರ ತನಕ. ಮಾರ್ಚ್ ಮುಗಿಯುವುದರೊಳಗೆ ನಿಮ್ಮೂರಿನ ಅರಿವು ಕೇಂದ್ರಕ್ಕೆ ಹೋಗಿ, ಶಿಬಿರ ಇದೆಯೇ ಎಂದು ಕೇಳಿ. ಇಲ್ಲವೆಂದರೆ, ವಾರಕ್ಕೆ ಮೂರು ಮುಂಜಾನೆ ನಾನು ಬರುತ್ತೇನೆ ಎಂದು ಹೆಸರು ಬರೆಸಿ ಬನ್ನಿ.